ಹನ್ನೆರಡರಲ್ಲಿ ಮೂರು

ಫೆಬ್ರವರಿ 9, ಸೋಮವಾರ

ಅಚ್ಚುಚಿತ್ರ ಕಲಿಸಿದ ಮೇಷ್ಟ್ರು ಹೇಳಿದ್ದಕ್ಕೆ ಈ ಪುಸ್ತಕ ಶುರು ಮಾಡಿದ್ದೇನೆ. ಕಲಾಶಾಲೆ ಮುಗಿದು ಎಂಟು ತಿಂಗಳಾದರೂ ನನಗೆ ಒಂದು ಪ್ರದರ್ಶನವೂ ಸಿಕ್ಕಿಲ್ಲವೆಂದು ಕೇಳಿ, "ಕೆಲಸ ಅರ್ಧ, ಜನ ಅರ್ಧ ಕಣಮ್ಮ. ಯಾರನ್ನ ಭೇಟಿಯಾದೆ, ಏನಂದ್ರು, ಎಲ್ಲ ಬರೆದಿಡು" ಅಂದರು. ಅಂದರೆ ಇದು ಜನರ ಪಟ್ಟಿಯಾಗಬೇಕು. ಇವತ್ತು ಭೇಟಿಯಾದವರು: ಮೇಷ್ಟ್ರು. ಅಷ್ಟೆ.

ಜನ ಅಂದರೆ ನನಗೆ ಮೊದಲಿನಿಂದಲೂ ದಿಗಿಲು. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಆಮೇಲೆ ಎಷ್ಟೋ ವರ್ಷ ರಟ್ಟಿನ ಪೆಟ್ಟಿಗೆ ಮಡಿಸಿದೆ. ಚಿತ್ರದ ಪರೀಕ್ಷೆಯೊಂದರ ಬಲದಿಂದ ಕಲಾಶಾಲೆ ಸೇರಿದಾಗ ಉಳಿದವರಿಗಿಂತ ಏಳೆಂಟು ವರ್ಷ ದೊಡ್ಡವಳು. ಅಲ್ಲಿ ಎಲ್ಲರೂ ಮಾತಾಡುವುದನ್ನು ಕೇಳಿ, ಇವರೆಲ್ಲ ಇದನ್ನು ಯಾವಾಗ ಕಲಿತರು, ನಾನು ಪೆಟ್ಟಿಗೆ ಮಡಿಸುವಾಗಲೇ ಇರಬೇಕು ಅಂದುಕೊಳ್ಳುತ್ತಿದ್ದೆ. ಈಗಲೂ ಒತ್ತಕ್ಷರ ಬಂದರೆ ಕೈ ನಿಲ್ಲುತ್ತದೆ. ಇದನ್ನು ಯಾರೂ ಓದುವುದಿಲ್ಲ, ತಪ್ಪಾದರೆ ಆಗಲಿ.

ಬೆಳಿಗ್ಗೆ ಚೌಕಟ್ಟಿನ ಅಂಗಡಿಯಲ್ಲಿ ಬೇರೆಯವರ ಚಿತ್ರಗಳಿಗೆ ರಟ್ಟು ಕತ್ತರಿಸುತ್ತೇನೆ. ರಟ್ಟು ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ. ಮಧ್ಯಾಹ್ನದಿಂದ ಮನೆ, ಅಂದರೆ ಅಕ್ಕ-ಭಾವನ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಅಕ್ಕ ಇಸ್ತ್ರಿ ಮಾಡುತ್ತಾಳೆ. ಲಾಂಡ್ರಿಯವರು ಬೆಳಿಗ್ಗೆ ಗಂಟು ತಂದು ಹಾಕಿ ಸಂಜೆ ಒಯ್ಯುತ್ತಾರೆ. ಭಾವನದು ಲಿಫ್ಟ್ ರಿಪೇರಿ.

ಬಂದವರೇ ಕೇಳಿದರು, "ಏನಮ್ಮಾ ಕಲಾವಿದೆ, ಇವತ್ತು ಎಷ್ಟನೇ ಮಹಡಿ?"

"ಇನ್ನೂ ಬಾಗಿಲೇ ತೆಗೆದಿಲ್ಲ ಭಾವ."

"ಗುಂಡಿ ಒತ್ತಬೇಕಮ್ಮ. ಸುಮ್ನೆ ಮುಂದೆ ನಿಂತ್ರೆ ಅದಕ್ಕೇನು ಕನಸು ಬೀಳತ್ತಾ?"

ಇವತ್ತು ಚಿತ್ರ ಬರೆದದ್ದು: ಗ್ರೀಸ್ ಮೆತ್ತಿದ ಭಾವನ ಬೂಟು, ಎರಡು ಸಲ.

ಫೆಬ್ರವರಿ 14, ಶನಿವಾರ

ಗುಂಡಿ ಒತ್ತಿದೆ. ದೊಡ್ಡ ಗ್ಯಾಲರಿಯಲ್ಲಿ ಪ್ರದರ್ಶನದ ಉದ್ಘಾಟನೆಗೆ ಹೋದೆ. ನಮ್ಮ ಬ್ಯಾಚಿನ ಗುಂಗುರು ಕೂದಲಿನವನು ಒಳಗೆ ಕರೆದುಕೊಂಡು ಹೋಗಿ, ನೀರಿನ ಜಗ್ಗಿನ ಪಕ್ಕ ನಿಲ್ಲಿಸಿ ಮಾಯವಾದ. ಒಂದೂವರೆ ಗಂಟೆ ಅಲ್ಲೇ ನಿಂತೆ. ಏಳು ಲೋಟ ನೀರು ಕುಡಿದೆ.

ಒಬ್ಬರು ಮಾತ್ರ ಮಾತಾಡಿಸಿದರು. ನೀವು ಏನು ಮಾಡ್ತೀರಿ ಅಂದರು. ಹೇಳಿದೆ. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರುವುದು, ಗೀರಿಗೆ ಮಸಿ ತುಂಬುವುದು, ಒದ್ದೆ ಕಾಗದ ಇಟ್ಟು ಯಂತ್ರದಲ್ಲಿ ಒತ್ತುವುದು, ಎಲ್ಲ. ಇಪ್ಪತ್ತು ನಿಮಿಷ ಕೇಳಿಸಿಕೊಂಡರು. ಕೊನೆಗೆ "ಇರಿ, ಆ ದೀಪ ಮಿಣಮಿಣ ಅಂತಿದೆ" ಎಂದು ಏಣಿ ತಂದು ಹತ್ತಿದರು. ಎಲೆಕ್ಟ್ರಿಷಿಯನ್.

ಗುಂಗುರು ಬಿದ್ದು ಬಿದ್ದು ನಕ್ಕ. "ಒಳ್ಳೇ ನೆಟ್‌ವರ್ಕ್ ಮಾಡ್ಕೊಂಡೆ ಬಿಡು, ಕರೆಂಟ್ ಹೋದ್ರೆ ಫೋನ್ ಮಾಡಬಹುದು."

ಅವಮಾನವಾಯಿತು ನಿಜ. ಆದರೆ ಎಲೆಕ್ಟ್ರಿಷಿಯನ್ ಕೇಳಿದ ಪ್ರಶ್ನೆ ಒಳ್ಳೆಯದಿತ್ತು. ಮಸಿ ಒರೆಸುವಾಗ ಗೀರಿನೊಳಗಿನ ಮಸಿಯೂ ಹೋಗುವುದಿಲ್ಲವೇ ಎಂದು. ಹೋಗುತ್ತದೆ, ಕೈ ಭಾರವಾದರೆ. ಏಣಿಯ ಮೇಲೆ ಅವರು ಮೊಣಕಾಲು ಮಡಿಸಿದ್ದನ್ನು ಬಸ್ ಚೀಟಿಯ ಹಿಂದೆ ಬರೆದುಕೊಂಡೆ.

ಫೆಬ್ರವರಿ 22, ಭಾನುವಾರ

ಪ್ರೆಸ್ ಅಜ್ಜನ ಹತ್ತಿರ ಹೋಗಿ ಮೂರು ಪ್ರತಿ ತೆಗೆದೆ. ಕಲಾಶಾಲೆ ಬಿಟ್ಟ ಮೇಲೆ ಅಚ್ಚಿನ ಯಂತ್ರ ಮುಟ್ಟಲು ಬಿಡುವವರು ಅವರೊಬ್ಬರೇ.

ಡಿಸೆಂಬರಿನಿಂದ ಗೀರುತ್ತಿದ್ದ ತಗಡು. ಅಕ್ಕನ ಬೆನ್ನು. ಇಸ್ತ್ರಿ ಒತ್ತುವಾಗ ಅವಳ ಬಲಭುಜ ಇಳಿಯುತ್ತದೆ, ಎಡದ್ದು ಕಿವಿಯ ಹತ್ತಿರ ಹೋಗುತ್ತದೆ, ನಡುವೆ ಬೆನ್ನು ಯಾರೋ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ಹಿಂದೆ ಮಂಚದ ಮೇಲೆ ಕೂತು ನೋಡುತ್ತೇನೆಂದು ಅವಳಿಗೆ ಗೊತ್ತು, ಆದರೆ ಗೊತ್ತಿರುವುದು ಮರೆತುಹೋಗುತ್ತದೆ. ಶರ್ಟುಗಳನ್ನು ಬೈಯುತ್ತಿರುತ್ತಾಳೆ. "ನಿನ್ನ ಮೋರೆಗೆ ಎರಡೆರಡು ಜೇಬು ಬೇರೆ ಕೇಡು." ಆ ಬೈಗುಳವೂ ಬೆನ್ನಿನಲ್ಲಿ ಬಂದಿದೆ ಅನ್ನಿಸುತ್ತದೆ. ನನ್ನ ಕೈಯಿಂದ ಬಂದವುಗಳಲ್ಲಿ ಇದೊಂದೇ ಸುಳ್ಳಲ್ಲದ್ದು.

ಒಟ್ಟು ಹನ್ನೆರಡು ಎಂದು ನಿಶ್ಚಯಿಸಿ, ಕೆಳಗೆ ಪೆನ್ಸಿಲಿನಲ್ಲಿ 1/12, 2/12, 3/12 ಎಂದು ಬರೆದೆ. ಉಳಿದ ಒಂಬತ್ತನ್ನು ಯಾರಾದರೂ ಕೇಳಿದಾಗ ತೆಗೆದರಾಯಿತು. ಹನ್ನೆರಡೂ ಮುಗಿದ ಮೇಲೆ ಹದಿಮೂರನೆಯದು ಹುಟ್ಟಬಾರದೆಂದು ತಗಡಿಗೆ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆಯುತ್ತಾರೆ. ಕ್ಯಾನ್ಸಲ್ ಮಾಡುವುದು ಅನ್ನುತ್ತಾರೆ. ಕೊಂಡವರಿಗೆ ಅದೇ ಭರವಸೆ.

"ಅವಸರ ಬೇಡ" ಅಂದರು ಅಜ್ಜ. "ಗೆರೆ ಎಳೆದ ಮೇಲೆ ಅದು ತಗಡಲ್ಲ, ತಟ್ಟೆ. ಊಟಕ್ಕೆ ಇಟ್ಕೋಬೇಕಷ್ಟೆ."

ಮಾರ್ಚ್ 5, ಗುರುವಾರ

ಆ ದೊಡ್ಡ ಗ್ಯಾಲರಿ ನಡೆಸುವ ಮೇಡಂಗೆ ಪತ್ರ ಬರೆದೆ. ಮೇ ತಿಂಗಳಲ್ಲಿ ಹೊಸಬರ ಪ್ರದರ್ಶನ ಮಾಡುತ್ತಾರಂತೆ, ಆರು ಜನ ಮಾತ್ರ. ಅದರಲ್ಲಿ ಸೇರಿದವರನ್ನು ಆಮೇಲೆ ಎಲ್ಲರೂ ಗುರುತಿಸುತ್ತಾರಂತೆ. ಸೇರದವರನ್ನು? ಗುಂಗುರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯಲ್ಲಿ ರಟ್ಟು ಕತ್ತರಿಸುವ ಇನ್ನೊಬ್ಬಳು ಕೂಡ ಕಲಾಶಾಲೆಯವಳೇ, ಹನ್ನೊಂದು ವರ್ಷದ ಹಿಂದಿನ ಬ್ಯಾಚು. ಕೈ ಚೆನ್ನಾಗಿದೆ. ಅವಳು ಕತ್ತರಿಸುವಾಗ ನಾನು ಆ ಕಡೆ ನೋಡುವುದಿಲ್ಲ.

ಪತ್ರವನ್ನು ಹನ್ನೊಂದು ಸಲ ತಿದ್ದಿದೆ. "ತಮ್ಮ ಅಮೂಲ್ಯ ಸಮಯ" ಅಂತ ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಅಕ್ಕ ಓದಿ, "ಚೆನ್ನಾಗಿದೆ. ಆದ್ರೆ ಸಾಲ ಕೇಳೋ ಹಾಗಿದೆ" ಅಂದಳು.

ಮಾರ್ಚ್ 6

ಉತ್ತರವಿಲ್ಲ. ಒಂದೇ ದಿನಕ್ಕೆ ಎಲ್ಲಿ ಬರುತ್ತದೆ.

ಮಾರ್ಚ್ 11

ಇಲ್ಲ. "ತಮ್ಮ" ಎಂದು ಬರೆಯಬಾರದಿತ್ತು. "ನಿಮ್ಮ" ಸಾಕಿತ್ತು.

ಮಾರ್ಚ್ 19, ಗುರುವಾರ

ಮೇಡಂ ತಾವೇ ಅಂಗಡಿಗೆ ಬಂದರು. ಯಾರದೋ ಚಿತ್ರಕ್ಕೆ ಚೌಕಟ್ಟು ಬೇಕಿತ್ತು. ಯಜಮಾನರು ಒಳಗೆ ಅಳತೆ ಹುಡುಕುತ್ತಿದ್ದಾಗ ನಾನು ಬೆನ್ನಿನ ಒಂದು ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟೆ. ಎರಡೂ ಕೈಯನ್ನು ರಟ್ಟಿನ ಕೆಳಗೆ ಇಟ್ಟುಕೊಂಡೆ.

ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. "ಯಾರಿವರು?"

"ಒಬ್ಬರು ಇಸ್ತ್ರಿ ಕೆಲಸದವರು ಮೇಡಂ."

"ಎಲ್ಲಿ ಸಿಕ್ಕಿದ್ರು?"

"ನಮ್ಮ ಕಡೇನೇ."

ಅಕ್ಕ ಎಂದು ಯಾಕೆ ಹೇಳಲಿಲ್ಲವೋ. ಅಕ್ಕ ಅಂದಿದ್ದರೆ "ನನ್ನ ಮನೆ, ನನ್ನ ಕುಟುಂಬ" ಎಂದು ಶಾಲೆಯಲ್ಲಿ ಬರೆಸುವ ಚಿತ್ರದ ಹಾಗೆ ಆಗಿಬಿಡುತ್ತಿತ್ತು. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಅವಳು ಇಸ್ತ್ರಿ ಕೆಲಸದವಳೇ, ನಮ್ಮ ಕಡೆಯವಳೇ.

ಶನಿವಾರ ಬಾ ಎಂದಿದ್ದಾರೆ. ಇದನ್ನು ತಾ ಎಂದಿದ್ದಾರೆ.

ಮಾರ್ಚ್ 21, ಶನಿವಾರ

ಅಕ್ಕ ತಾನೂ ಬರುತ್ತೇನೆಂದು ಹಟ ಹಿಡಿದಳು. ಲಾಂಡ್ರಿಯವರಿಗೆ ಅರ್ಧ ದಿನ ಗಂಟು ಬೇಡವೆಂದು ಹೇಳಿ ಕಳಿಸಿದ್ದಳು. "ನನ್ನ ಬೆನ್ನು ನಾನು ನೋಡಿದವಳಲ್ಲ. ಗೋಡೆ ಮೇಲೆ ಹಾಕ್ತಾರಂದ್ರೆ ಒಂದು ಸಲ ನೋಡಿ ಬರ್ತೀನಿ." ಭಾವ, "ಹಿಂದಿನಿಂದ ನೋಡಿದ್ರೇ ವಾಸಿ, ಮುಂದಿನಿಂದ ನಾನು ನೋಡಿದ್ದೀನಿ" ಎಂದು ಇಕ್ಕಳ ಎತ್ತಿಕೊಂಡು ಕೆಲಸಕ್ಕೆ ಓಡಿದರು.

ಮೇಡಂ ಸುತ್ತ ನಾಲ್ಕೈದು ಜನ. ಆಸ್ಪತ್ರೆ ಕಟ್ಟಿಸುತ್ತಿರುವ ಡಾಕ್ಟರೊಬ್ಬರು. ಒಬ್ಬ ಹಿರಿಯ ಕಲಾವಿದನ ಸುದ್ದಿ ನಡೆದಿತ್ತು. ಹನ್ನೆರಡೆಂದು ಬರೆದು ಇಪ್ಪತ್ತು ಪ್ರತಿ ತೆಗೆದನಂತೆ, ತಗಡಿಗೆ ಗೆರೆಯನ್ನೇ ಎಳೆದಿರಲಿಲ್ಲವಂತೆ. ಎಲ್ಲರೂ ನಗುತ್ತಿದ್ದರು. ಅಂಥ ನಗುವಿನಲ್ಲಿ ಸಿಕ್ಕಿಬಿದ್ದವರು ಮತ್ತೆ ಏಳುವುದಿಲ್ಲ.

ಮೇಡಂ ನನ್ನ ಕಡೆ ತಿರುಗಿದರು. ಅಕ್ಕನನ್ನು ನೋಡಿ, "ಇವರು?"

"ನನ್ನ ಮಾಡೆಲ್ ಮೇಡಂ. ಚಿತ್ರದಲ್ಲಿರೋರು."

ಅಕ್ಕ ನಕ್ಕಳು. ಡಾಕ್ಟರು ಅವಳನ್ನೊಂದು ಸಲ, ಚಿತ್ರವನ್ನೊಂದು ಸಲ ನೋಡಿ, "ಹೌದು, ಹೌದು" ಅಂದರು.

ಮೇಡಂ ಕೆಳಗಿನ 1/12 ಓದಿ ಕೇಳಿದರು, "ಹನ್ನೆರಡೂ ಆಗಿದೆ ತಾನೆ? ತಗಡು ಕ್ಯಾನ್ಸಲ್ ಮಾಡಿದ್ದೀಯಾ?"

ನಗು ಇನ್ನೂ ಅವರ ಮುಖದಿಂದ ಪೂರ್ತಿ ಹೋಗಿರಲಿಲ್ಲ. "ಹೌದು ಮೇಡಂ" ಅಂದೆ. ಎರಡೂ ಪ್ರಶ್ನೆಗೆ ಒಂದೇ ಹೌದು.

ಬಸ್ಸಿನಲ್ಲಿ ಅಕ್ಕ ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ದಣಿದಿರಬೇಕು, ಅಷ್ಟು ಹೊತ್ತು ಕೆಲಸವಿಲ್ಲದೆ ನಿಂತು ಅಭ್ಯಾಸವಿಲ್ಲ.

ಭೇಟಿಯಾದವರು: ಮೇಡಂ, ಡಾಕ್ಟರು, ಪತ್ರಿಕೆಗೆ ಬರೆಯುವವರು, ಅವರ ಹೆಂಡತಿ. ಎಲೆಕ್ಟ್ರಿಷಿಯನ್ ಕೈ ಬೀಸಿದರು. ನೋಡದವಳ ಹಾಗೆ ಇದ್ದೆ, ಪಕ್ಕದಲ್ಲಿ ಮೇಡಂ ಇದ್ದರು.

ಮಾರ್ಚ್ 22, ಭಾನುವಾರ

ಬೆಳಿಗ್ಗೆಯಿಂದ ಕಾಲು ನಿಲ್ಲುತ್ತಿಲ್ಲ. ಗೆರೆ ಎಳೆದಿದ್ದೇನೆ ಎಂದಿದ್ದೇನೆ. ಕೆಲವು ಗ್ಯಾಲರಿಯವರು ಗೆರೆ ಎಳೆದ ತಗಡನ್ನೇ ತಂದು ತೋರಿಸು ಅನ್ನುತ್ತಾರೆಂದು ಮೇಷ್ಟ್ರು ಒಮ್ಮೆ ಹೇಳಿದ್ದರು. ನಾಳೆಯೇ ಕೇಳಿದರೆ? ಮೇಡಂ ಅಂಗಡಿಗೆ ಬಂದು, ಯಜಮಾನರ ಮುಂದೆ, ಆ ಹನ್ನೊಂದು ವರ್ಷದ ಹಿಂದಿನ ಬ್ಯಾಚಿನವಳ ಮುಂದೆ ಕೇಳಿದರೆ?

ಉಳಿದ ಒಂಬತ್ತನ್ನು ಮೊದಲು ತೆಗೆಯೋಣವೆಂದರೆ ಅಜ್ಜ ಊರಿನಲ್ಲಿಲ್ಲ, ಪ್ರೆಸ್ಸಿಗೆ ಹತ್ತು ದಿನ ಬೀಗ. ಅಲ್ಲದೆ ಹನ್ನೆರಡನ್ನು ಯಾರು ಕೇಳುತ್ತಾರೆ, ನನ್ನ ಹತ್ತಿರ ಒಂದನ್ನು ಕೇಳಿದವರೇ ಇಲ್ಲ. ಮೂರಿದೆ. ಮೂರು ಧಾರಾಳ.

ಮಧ್ಯಾಹ್ನ ಅಕ್ಕ ನೀರು ಹಿಡಿಯಲು ಹೋದಾಗ ಉಕ್ಕಿನ ಅಳತೆಪಟ್ಟಿ ಇಟ್ಟು ಎಳೆದುಬಿಟ್ಟೆ. ಎಡಭುಜದಿಂದ ಬಲಸೊಂಟದವರೆಗೆ. ತಾಮ್ರ ಕಿರ್ ಎಂದಿತು. ಒಂದೇ ಗೆರೆ ಸಾಕಿತ್ತು, ಕೈ ತಡೆಯದೆ ಇನ್ನೊಂದು ಎಳೆದೆ.

ಈಗ ನಾನು ಹೇಳಿದ್ದು ನಿಜ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಮಾರ್ಚ್ 30, ಸೋಮವಾರ

ಮೇಡಂ ಫೋನ್ ಮಾಡಿದರು. ಹೊಸಬರ ಆರು ಜನರಲ್ಲಿ ನಾನೊಬ್ಬಳು. ಮೇ ಎಂಟಕ್ಕೆ.

ಡಾಕ್ಟರು ಆಸ್ಪತ್ರೆಯ ಒಂದು ಮಹಡಿಗೆ, ಕೋಣೆಗೊಂದರಂತೆ, ಬೆನ್ನಿನ ಹನ್ನೆರಡೂ ಪ್ರತಿ ಬೇಕು ಅಂದಿದ್ದಾರೆ. "ಹನ್ನೆರಡೂ ಒಟ್ಟಿಗೆ ಹೋಗೋದು ಹೊಸಬರಿಗೆ ಸಿಗೋ ಯೋಗ ಅಲ್ಲ ಕಣೇ. ಏಪ್ರಿಲ್ ಕೊನೆಗೆ ಕಳಿಸಿಬಿಡು."

"ಆಗಲಿ ಮೇಡಂ" ಅಂದೆ. ಫೋನ್ ಇಟ್ಟ ಮೇಲೆ ನೆಲದ ಮೇಲೆ ಕೂತೆ.

ಭಾವ ಎಲ್ಲರಿಗೂ ಹೇಳಿಕೊಂಡು ಬಂದರು. ನಾನು ಸಂತೋಷಕ್ಕೆ ಅಳುತ್ತಿದ್ದೇನೆ ಎಂದುಕೊಂಡಿದ್ದಾರೆ.

ಏಪ್ರಿಲ್ 1, ಬುಧವಾರ

ಅಜ್ಜ ತಗಡನ್ನು ಕಿಟಕಿಯ ಹತ್ತಿರ ಒಯ್ದು ಓರೆಯಾಗಿ ಹಿಡಿದು ನೋಡಿದರು. ಉಗುರಿನಿಂದ ಗೆರೆಯ ಉದ್ದಕ್ಕೂ ಮುಟ್ಟಿದರು.

"ಮೂರು ತೆಗೆದು ಕ್ಯಾನ್ಸಲ್ ಮಾಡಿದ್ಯಾ? ಯಾರು ಮಾಡು ಅಂದ್ರು?"

"ಯಾರೂ ಅನ್ನಲಿಲ್ಲ."

"ಮತ್ತೆ?"

"ಮಾಡಿದ್ದೀಯಾ ಅಂತ ಕೇಳಿದ್ರು."

ಅಜ್ಜ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಐವತ್ತು ವರ್ಷದಲ್ಲಿ ಎಂಥೆಂಥ ಕಳ್ಳರನ್ನ ನೋಡಿದ್ದೀನಿ. ಎಲ್ಲ ಹೆಚ್ಚಿಗೆ ತೆಗೆದೋರೇ. ಕಮ್ಮಿ ತೆಗೆದು ಸಿಕ್ಕಿಬಿದ್ದೋಳು ನೀನೊಬ್ಬಳೇ."

ಉಜ್ಜಿದರೆ ಗೆರೆ ಹೋಗುತ್ತದಾ ಎಂದು ಕೇಳಿದೆ. "ಹೋಗತ್ತೆ. ಅದರ ಜೊತೆ ಬೆನ್ನೂ ಹೋಗತ್ತೆ. ಆ ಮೇಡಂಗೆ ಇರೋದು ಹೇಳು. ಮೂರಿದೆ ಅನ್ನು, ಮುಗೀತು."

ಹೇಳುವುದು ಹೇಗೆ? ಹೇಳಿದರೆ ನಾನು ಸುಳ್ಳಿ. ಆ ನಗು ನನ್ನ ಮೇಲೆ ತಿರುಗುತ್ತದೆ. ಅಜ್ಜನಿಗೇನು, ಅವರಿಗೆ ಯಾರ ಹತ್ತಿರವೂ ಏನೂ ಆಗಬೇಕಾಗಿಲ್ಲ.

ಏಪ್ರಿಲ್ 12, ಭಾನುವಾರ

ಹನ್ನೊಂದು ದಿನ ಉಜ್ಜಿದೆ. ಮೊದಲು ಕೆರೆದೆ, ಆಮೇಲೆ ಎಣ್ಣೆ ಹಚ್ಚಿ ನುಣ್ಣನೆಯ ಉಕ್ಕಿನ ಕಡ್ಡಿಯಿಂದ ತಿಕ್ಕಿದೆ. ಬೆರಳ ಸಂದಿಯಲ್ಲಿ ಗುಳ್ಳೆ ಒಡೆದಿದೆ. ಅಂಗಡಿಯಲ್ಲಿ ಎರಡು ರಟ್ಟು ತಪ್ಪು ಕತ್ತರಿಸಿ ಬೈಸಿಕೊಂಡೆ.

ಇವತ್ತು ಒಂದು ಪ್ರತಿ ತೆಗೆದು ನೋಡಿದೆ. ಗೆರೆ ಇಲ್ಲ. ಬೆನ್ನೂ ಇಲ್ಲ. ಭುಜದಿಂದ ಸೊಂಟದವರೆಗೆ ತಲೆದಿಂಬಿನ ಹಾಗೆ ನುಣ್ಣಗಿದೆ. ಯಾರೂ ಯಾವತ್ತೂ ಏನೂ ಎತ್ತಿರದ ಬೆನ್ನು.

ಅಜ್ಜ ಕಾಗದವನ್ನು ಒಣಗಲು ಕೂಡ ಹಾಕಲಿಲ್ಲ.

ಏಪ್ರಿಲ್ 13

ಏನೂ ಬೇಡ ಅನ್ನಿಸುತ್ತದೆ. ಪೆಟ್ಟಿಗೆ ಮಡಿಸುತ್ತಿದ್ದಾಗ ಕನಿಷ್ಠ ಪೆಟ್ಟಿಗೆ ಆಗುತ್ತಿತ್ತು.

ಏಪ್ರಿಲ್ 19, ಭಾನುವಾರ

ಹೊಸ ತಗಡಿನಲ್ಲಿ ಮೊದಲಿನಿಂದ ಬರೆದು ಒಂಬತ್ತು ತೆಗೆದುಬಿಡುವುದು ಎಂದು ನಿಶ್ಚಯಿಸಿದೆ. ಎರಡನ್ನು ಪಕ್ಕಪಕ್ಕ ಇಟ್ಟು ಯಾರು ನೋಡುತ್ತಾರೆ. ನೆನಪಿನಿಂದ ಬರೆಯೋಣವೆಂದರೆ ಪೆನ್ಸಿಲ್ ಹಿಡಿದರೆ ಏನೂ ಬರುವುದಿಲ್ಲ. ಅಕ್ಕನನ್ನು ಕೇಳಿದೆ. ಸರಿ ಅಂದಳು.

ಸ್ನಾನ ಮಾಡಿ, ತಲೆ ಬಾಚಿ, ಅವತ್ತು ಗ್ಯಾಲರಿಗೆ ಉಟ್ಟುಕೊಂಡಿದ್ದ ಬಟ್ಟೆಯನ್ನೇ ಉಟ್ಟು ಬಂದು ಮೇಜಿನ ಮುಂದೆ ನಿಂತಳು. ಬೆನ್ನು ಗೋಡೆಯ ಹಾಗೆ ನೆಟ್ಟಗೆ.

"ಯಾವಾಗಲೂ ನಿಲ್ಲೋ ಹಾಗೆ ನಿಲ್ಲೇ."

"ಯಾವಾಗಲೂ ಹೇಗೆ ನಿಲ್ತೀನಿ?"

"ಸುಮ್ನೆ ಇಸ್ತ್ರಿ ಮಾಡು. ಶರ್ಟಿಗೆ ಬೈಯಿ."

ಇಸ್ತ್ರಿ ಮಾಡಿದಳು. ಬೈಯಲಿಲ್ಲ. ಭುಜ ಇಳಿಯಲಿಲ್ಲ, ಏರಲಿಲ್ಲ. ಒಂದು ಶರ್ಟು ಮುಗಿದಾಗ ತಿರುಗದೆಯೇ ಕೇಳಿದಳು, "ಮಾಡೆಲ್ ಆದೋರು ಹೀಗೇ ತಾನೆ ನಿಲ್ಲೋದು?"

ನಾನು ಹೊಸ ಹಾಳೆ ತೆಗೆದೆ.

"ಅಲ್ಲ, ಅವತ್ತು ಅಕ್ಕ ಅಂದಿದ್ರೆ ಅವರು ಚಿತ್ರ ತೊಗೊಳ್ತಿರಲಿಲ್ವಾ?"

"ಹಾಗಲ್ಲ ಕಣೇ ಅದು."

"ಕೇಳ್ದೆ ಅಷ್ಟೆ. ನಿನ್ನ ಕೆಲಸದ ವಿಷಯ ನಂಗೆ ತಿಳಿಯಲ್ಲ." ಇನ್ನೊಂದು ಶರ್ಟು ಮಡಿಸಿಟ್ಟು, "ಆಯ್ತಾ? ಕಾಲು ನೋಯ್ತಿದೆ."

ದಿನಕ್ಕೆ ಒಂಬತ್ತು ಗಂಟೆ ನಿಲ್ಲುವವಳು. ಮುಕ್ಕಾಲು ಗಂಟೆಗೆ ಕಾಲು ನೋಯುತ್ತದಂತೆ. ಆರು ಹಾಳೆ ಬರೆದೆ, ಆರೂ ಯಾರೋ ಹೆಂಗಸು ಬಸ್ಸಿಗೆ ಕಾಯುತ್ತಿರುವ ಹಾಗಿದೆ. ಅವಳು ಸಹಕರಿಸಿದ್ದರೆ ಆಗುತ್ತಿತ್ತು.

ಏಪ್ರಿಲ್ 27, ಸೋಮವಾರ

ಬೇರೆ ದಾರಿಯಿರಲಿಲ್ಲ, ಮೇಡಂಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ, ಅದನ್ನು ನೋಡಲೇ ಇಲ್ಲ. ಬಾಯಿಗೆ ಬೇರೆಯೇ ಬಂತು.

"ಹನ್ನೆರಡರಲ್ಲಿ ಒಂಬತ್ತು ನನಗೆ ಒಪ್ಪಿಗೆ ಆಗಲಿಲ್ಲ ಮೇಡಂ. ಹರಿದು ಹಾಕಿದೆ. ಈಗ ಇರೋದು ಮೂರೇ."

ಅವರು, "ಒಂಬತ್ತು ಹರಿದು ಹಾಕಿದ್ಯಾ? ಕೊಳ್ಳೋರು ಕಾಯ್ತಿದ್ದಾಗ?" ಅಂದರು. ದನಿ ಮೆತ್ತಗಾಗಿತ್ತು. "ಮೂರೇ ಇದ್ರೆ ಇನ್ನೂ ಒಳ್ಳೇದು ಕಣೇ. ಅಪರೂಪ ಆಗತ್ತೆ. ನಂಬರ್ ಅಳಿಸಿ ಮೂರು ಅಂತ ಹಾಕು. ಡಾಕ್ಟರಿಗೆ ನಾನು ಹೇಳ್ತೀನಿ, ಅವರ ಮುಖ ನೋಡಬೇಕು ನೀನು."

ಇಷ್ಟೇ ಆಗಿತ್ತು. ಮಾರ್ಚಿನಲ್ಲಿಯೇ ಮೂರು ಎಂದಿದ್ದರೆ ತಗಡು ಹಾಗೇ ಇರುತ್ತಿತ್ತು. ಉಜ್ಜಬೇಕಿರಲಿಲ್ಲ, ಯಾರನ್ನೂ ನಿಲ್ಲಿಸಬೇಕಿರಲಿಲ್ಲ. ಹಗುರವಾಗಬೇಕಿತ್ತು. ಆಗಲಿಲ್ಲ. ಸಂಜೆಯವರೆಗೆ ಮಂಚದ ಮೇಲೆ ಗೋಡೆ ನೋಡುತ್ತ ಮಲಗಿದ್ದೆ.

ಮೇ 6

ಅಕ್ಕನನ್ನು ಶುಕ್ರವಾರಕ್ಕೆ ಕರೆದೆ. "ಗಂಟು ಜಾಸ್ತಿ ಇದೆ. ನೀನು ಹೋಗಿ ಬಾ" ಅಂದಳು. ಭಾವ ಲಿಫ್ಟಿನ ತಮಾಷೆ ಮಾಡಲಿಲ್ಲ, ಅವರಿಗೂ ಕೆಲಸ ಹೆಚ್ಚಿರಬೇಕು. ಒಂದು ಲೆಕ್ಕಕ್ಕೆ ವಾಸಿಯೇ. ಅಲ್ಲಿ ಮಾತಾಡಿಸಬೇಕಾದವರು ಹದಿನಾಲ್ಕು ಜನ, ಮೇಡಂ ಪಟ್ಟಿ ಕೊಟ್ಟಿದ್ದಾರೆ. ಅವಳನ್ನು ಎಲ್ಲಿ ಕೂರಿಸುವುದು, ಯಾರಿಗೆ ಏನೆಂದು ಹೇಳುವುದು ಎಂಬುದೇ ಇನ್ನೊಂದು ಚಿಂತೆಯಾಗುತ್ತಿತ್ತು.

ಮೇ 8, ಶುಕ್ರವಾರ

ಹದಿನಾಲ್ಕರಲ್ಲಿ ಹನ್ನೊಂದು ಜನರನ್ನು ಮಾತಾಡಿಸಿದೆ. ಒಂಬತ್ತು ಹರಿದ ಕಥೆಯನ್ನು ಮೇಡಂ ಎಲ್ಲರಿಗೂ ಹೇಳಿದರು. ನಾಲ್ಕನೆಯ ಸಲ ಹೇಳುವಾಗ ನಾನೇ ಮಧ್ಯೆ ಸೇರಿಸಿದೆ, ಹರಿಯುವಾಗ ಕೈ ನಡುಗಿತು ಎಂದು. ಮೂರೂ ಪ್ರತಿ ಡಾಕ್ಟರೇ ತೆಗೆದುಕೊಂಡರು. ಗುಂಗುರು ಬಂದು ಕೈಕುಲುಕಿ, ತನ್ನನ್ನು ಮೇಡಂಗೆ ಪರಿಚಯ ಮಾಡಿಸು ಅಂದ. ನೋಡೋಣ ಅಂದೆ.

ಹೊರಡುವಾಗ ಡಾಕ್ಟರು ಕೇಳಿದರು, "ಅದೇ ಹೆಂಗಸಿನ ಇನ್ನೊಂದು ಮಾಡಿಕೊಡ್ತೀರಾ? ಅದೇ ಬೆನ್ನು. ಮುಂದಿನ ವರ್ಷದೊಳಗೆ ಆದ್ರೆ ಸಾಕು."

ಮೇಡಂ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದರು. "ಖಂಡಿತ ಸರ್" ಅಂದೆ.

ಮನೆಗೆ ಬಂದಾಗ ಆರೂವರೆ ಗಂಟೆ, ಇನ್ನೂ ಬೆಳಕಿತ್ತು. ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ಬಾಗಿಲು ತೆಗೆದ ಕೂಡಲೇ ಅವಳ ಮುಖ ಕಂಡಿತು. ಮೇಜನ್ನು ತಿರುಗಿಸಿದ್ದಾರೆ. ಭಾವ ಬೆಳಿಗ್ಗೆ ಪ್ಲಗ್ಗನ್ನೂ ಈ ಕಡೆಗೆ ಬದಲಾಯಿಸಿ ಕೊಟ್ಟರಂತೆ.

"ಯಾಕೆ ತಿರುಗಿಸಿದ್ದು?"

"ಕಿಟಕಿಯಿಂದ ಕಣ್ಣಿಗೆ ಬಿಸಿಲು ಹೊಡೀತಿತ್ತು" ಅಂದಳು. "ಹೇಗಾಯ್ತು? ಎಲ್ಲ ಬಂದಿದ್ರಾ?"

ಎಲ್ಲ ಬಂದಿದ್ದರು ಅಂದೆ. ಕೈಕಾಲು ತೊಳೆದು ಮಂಚದ ಮೇಲೆ ಕೂತು ನೋಡಿದೆ. ಇಲ್ಲಿಂದ ಅವಳ ಹಣೆ, ಕೈ, ಶರ್ಟಿನ ತೋಳು, ಇಷ್ಟೇ ಕಾಣುವುದು. ಬೆನ್ನು ಗೋಡೆಯ ಕಡೆಗಿದೆ. ಅವಳು ನೀರು ಕುಡಿಯಲು ಒಳಗೆ ಹೋದಾಗ ಎದ್ದು ಹೋಗಿ, ಅವಳು ನಿಲ್ಲುವ ಜಾಗಕ್ಕೂ ಗೋಡೆಗೂ ನಡುವೆ ಒಬ್ಬರು ಕೂರುವಷ್ಟು ಎಡೆ ಇದೆಯೇ ಎಂದು ಅಳೆದೆ.

ಒಂದು ಗೇಣೂ ಇಲ್ಲ.